ಇಂಗ್ಲಿಷ್ ಓದಿಗೆ ವರ್ಷದ ಗುರಿ: ಏನನ್ನು ಅಳೆಯಬೇಕು?

ಜೂನ್ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮನೆಗಳಲ್ಲಿ ತೊಗರಿ ಬಿತ್ತನೆಯ ಮಾತಿನ ಜೊತೆಗೇ ಮಕ್ಕಳ ಸಾಲಿಯ ಮಾತೂ ಏಳುತ್ತದೆ. ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕುವ ಹೊತ್ತಿಗೇ ವರ್ಷದ ಗುರಿಯೂ ತಯಾರಾಗಿರುತ್ತದೆ: ‘ಈ ವರ್ಷ ನಮ್ಮ ಹುಡುಗ ಇಂಗ್ಲಿಷ್ ಫಟಾಫಟ್ ಓದಬೇಕು, ಮಾತಾಡಬೇಕು.’ ಈ ಆಸೆಯಲ್ಲಿ ತಪ್ಪೇನಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗಿತ್ತು. ಅದು ಪಾಲಕರ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತಿದೆ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಪಾಲು ಸಿಕ್ಕಿದೆ. ಆದರೆ ಸೀಟು ಸಿಕ್ಕ ಮೇಲೆ ಇಂಜಿನಿಯರಿಂಗ್ ಪಾಠವೂ ನರ್ಸಿಂಗ್ ಪಾಠವೂ ನಡೆಯುವುದು ಇಂಗ್ಲಿಷಿನಲ್ಲಿ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬಸ್ಸಿನಲ್ಲಿ ಅದರ ಮುಂದೆ ಹಾಯುವಾಗ ‘ನಮ್ಮ ಮಗಳು ಇಲ್ಲಿ ಓದುವಂತಾಗಲಿ’ ಎಂದುಕೊಳ್ಳದ ತಾಯಿ ಕಡಿಮೆ. ಹೀಗಾಗಿ ಗುರಿ ಬೇಕೇ ಬೇಡವೇ ಎಂಬುದು ಇಲ್ಲಿಯ ಚರ್ಚೆಯಲ್ಲ. ಆ ಗುರಿಯನ್ನು ಯಾವ ಅಳತೆಯಲ್ಲಿ ಇಡುತ್ತೇವೆ, ಅದರಿಂದ ಮಗುವಿನ ಓದು ಬೆಳೆಯುತ್ತದೋ ಕುಗ್ಗುತ್ತದೋ ಎಂಬುದನ್ನು ಸಾವಧಾನವಾಗಿ ನೋಡಬೇಕಾಗಿದೆ.

ಐದನೆಯ ಅಥವಾ ಆರನೆಯ ತರಗತಿಯ ಒಂದು ಇಂಗ್ಲಿಷ್ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡು ನೋಡಿ. ಬಹಳಷ್ಟು ಪುಸ್ತಕಗಳಲ್ಲಿ ಸಾಲುಗಳ ನೆತ್ತಿಯ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಕನ್ನಡ ಅಕ್ಷರಗಳು ಕಾಣುತ್ತವೆ: ‘ದಿ’, ‘ಕಿಂಗ್’, ‘ವಾಜ್’, ‘ಆಂಗ್ರಿ’. ಮಗು ಓದುತ್ತಿರುವುದು ಕೆಳಗಿನ ಸಾಲನ್ನಲ್ಲ, ಮೇಲಿನದನ್ನು. ನೀವು ‘ಓದು’ ಎಂದಾಗ ಗಡಗಡ ಓದಿ ತೋರಿಸುತ್ತದೆ. ‘ರಾಜ ಯಾಕ ಸಿಟ್ಟಾದ?’ ಎಂದು ಕೇಳಿದರೆ ಸುಮ್ಮನೆ ನಿಂತುಬಿಡುತ್ತದೆ. ಇದನ್ನು ಕಳ್ಳಾಟ ಎಂದು ಬೈಯುವವರಿದ್ದಾರೆ, ಸೋಮಾರಿತನ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ತನ್ನ ಮುಂದಿಟ್ಟ ಕೆಲಸ ಮಾಡಿ ಮುಗಿಸಲು ಮಗು ಕಂಡುಕೊಂಡ ಬುದ್ಧಿವಂತಿಕೆಯ ದಾರಿ ಅದು. ಅದಕ್ಕೆ ಒಪ್ಪಿಸಿದ ಕೆಲಸ ‘ಓದಿ ತೋರಿಸು’ ಎಂಬುದು. ‘ಕಥೆ ತಿಳಿದುಕೋ’ ಎಂದು ಯಾರೂ ಹೇಳಿರಲಿಲ್ಲ.

ಮಗು ಈ ದಾರಿ ಹಿಡಿಯಲು ಕಾರಣಗಳಿವೆ. ಮೊದಲನೆಯದು ಲಿಪಿ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಅಕ್ಷರ ಕಲಿತ ಮಗು ಯಾವ ಪದವನ್ನಾದರೂ ಉಚ್ಚರಿಸಬಲ್ಲದು. ಇಂಗ್ಲಿಷಿನಲ್ಲಿ ಈ ಭರವಸೆ ಇಲ್ಲ. ‘ಬಟ್’, ‘ಪುಟ್’ ಎರಡರಲ್ಲೂ ನಡುವೆ ಇರುವುದು ‘ಯು’ ಅಕ್ಷರವೇ, ದನಿ ಮಾತ್ರ ಬೇರೆ. ಅಕ್ಷರವನ್ನು ನಂಬಿ ಓದುವುದನ್ನು ಕಲಿತ ಮಗುವಿಗೆ ಇದು ಮೋಸದಂತೆ ತೋರುತ್ತದೆ. ಅದಕ್ಕೇ ತನಗೆ ನಂಬಿಕೆಯಿರುವ ಲಿಪಿಯನ್ನು ಮೇಲೆ ಬರೆದುಕೊಳ್ಳುತ್ತದೆ. ಈ ಗೊಂದಲ ನಿಯಮ ಉರು ಹೊಡೆಯುವುದರಿಂದ ತೀರುವುದಿಲ್ಲ. ಅದೇ ಪದ ಬೇರೆ ಬೇರೆ ಕಥೆಗಳಲ್ಲಿ ಮತ್ತೆ ಮತ್ತೆ ಎದುರಾದಾಗ ಕಣ್ಣಿಗೆ ತಾನಾಗಿ ಗುರುತು ಹತ್ತುತ್ತದೆ. ಪಠ್ಯಪುಸ್ತಕದಲ್ಲಿ ಒಂದು ಪದ ಒಂದೋ ಎರಡೋ ಸಲ ಬಂದು ಮಾಯವಾಗುತ್ತದೆ, ಗುರುತು ಹತ್ತುವಷ್ಟು ಅವಕಾಶವೇ ಇರುವುದಿಲ್ಲ.

ಎರಡನೆಯದು ಗೊತ್ತಿಲ್ಲದ ಪದಗಳ ದಟ್ಟಣೆ. ಇದನ್ನು ದೊಡ್ಡವರು ಸ್ವತಃ ಅನುಭವಿಸಿ ನೋಡುವುದು ಒಳ್ಳೆಯದು. ಈ ವಾಕ್ಯ ಓದಿ: ‘ರಾಶಿ ಮುಗಿದ ಮರುದಿನ ಮುತ್ಯಾ ಗಿಂಡರ ಹೆಗಲಿಗೆ ಹಾಕಿಕೊಂಡು ತೊಮಳಿಗೆ ಹೋದ, ಅಲ್ಲಿ ಬಿಸಕು ಕಂಡು ಸಿಪಳಿಸಿ ವಾಪಸ್ ಬಂದ.’ ಹದಿನೈದು ಪದಗಳಲ್ಲಿ ನಾಲ್ಕು ಮಾತ್ರ ನಾನು ಕಟ್ಟಿದ ಸುಳ್ಳು ಪದಗಳು. ಉಳಿದದ್ದೆಲ್ಲ ನಿಮ್ಮ ಮನೆಯ ಮಾತೇ. ಆದರೂ ಮುತ್ಯಾ ಎಲ್ಲಿ ಹೋದ, ಏನು ಕಂಡ, ಯಾಕೆ ವಾಪಸ್ ಬಂದ ಎಂದು ಹೇಳಲಾಗದು. ಈಗ ಇದನ್ನು ಓದಿ: ‘ರಾಶಿ ಮುಗಿದ ಮರುದಿನ ಮುತ್ಯಾ ಗಿಂಡರ ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋದ, ಬರುವಾಗ ಅದರ ತುಂಬ ಉಳ್ಳಾಗಡ್ಡಿ, ಬದನೆಕಾಯಿ ತುಂಬಿಕೊಂಡು ಬಂದ.’ ಗಿಂಡರ ಎಂದರೆ ಚೀಲ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಸುತ್ತಲಿನ ಪದಗಳೆಲ್ಲ ಗೊತ್ತಿದ್ದಾಗ ಗೊತ್ತಿಲ್ಲದ ಒಂದು ಪದ ತಾನೇ ಬಿಚ್ಚಿಕೊಳ್ಳುತ್ತದೆ. ಪದಸಂಪತ್ತಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದ ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಮತ್ತು ಅವರ ಸಹಸಂಶೋಧಕರು 2000ನೇ ಇಸವಿಯಲ್ಲಿ ಹೇಳಿದ್ದು ಇದನ್ನೇ: ಯಾರ ಸಹಾಯವೂ ಇಲ್ಲದೆ ಒಂದು ಕಥೆಯನ್ನು ನೆಮ್ಮದಿಯಾಗಿ ಓದಬೇಕಾದರೆ ಅದರಲ್ಲಿನ ನೂರು ಪದಗಳಲ್ಲಿ ಸುಮಾರು ತೊಂಬತ್ತೆಂಟು ಮೊದಲೇ ಗೊತ್ತಿರಬೇಕು. ನಮ್ಮ ಮಕ್ಕಳ ಕೈಯಲ್ಲಿರುವ ಪಠ್ಯಪುಸ್ತಕ ಅವರಿಗೆ ಮೊದಲ ವಾಕ್ಯದ ಸ್ಥಿತಿಯಲ್ಲಿರುತ್ತದೆ. ಅದರಲ್ಲಿ ಸುಖ ಹುಟ್ಟುವುದು ಸಾಧ್ಯವಿಲ್ಲ.

ಮೂರನೆಯ ಕಾರಣ ನಮ್ಮ ಊರುಗಳಿಗೇ ಸಂಬಂಧಿಸಿದ್ದು. ಈ ಸೀಮೆಯ ಜನರಿಗೆ ಹಲವು ಭಾಷೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಕಚೇರಿ, ಕೋರ್ಟಿನ ವ್ಯವಹಾರ ಉರ್ದುವಿನಲ್ಲಿತ್ತು. ಹಿರಿಯರು ಅಗತ್ಯಕ್ಕೆ ತಕ್ಕಷ್ಟು ಕಲಿತರು. ಗಾಣಗಾಪುರದ ದತ್ತನ ದರ್ಶನಕ್ಕೆ ಮಹಾರಾಷ್ಟ್ರದಿಂದ ಭಕ್ತರು ಬರುತ್ತಲೇ ಇರುತ್ತಾರೆ. ಅಲ್ಲಿಯ ಹೂವು, ಪೇಢೆ ಅಂಗಡಿಯವರು ಅವರ ಜೊತೆ ಮರಾಠಿಯಲ್ಲೇ ಮಾತಾಡುತ್ತಾರೆ. ಆಳಂದದ ಗಡಿ ದಾಟಿ ಅಕ್ಕಲಕೋಟೆ, ಉಮರ್ಗಾಕ್ಕೆ ಹೋಗಿಬರುವವರೂ ಅಷ್ಟೇ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ, ಸಾಲಿಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಮಾತಾಡುತ್ತಾರೆ. ಇವರಾರೂ ಮರಾಠಿಗೆ, ದಖನಿಗೆ ಟ್ಯೂಷನ್ ಹೋದವರಲ್ಲ. ಅರ್ಥವಾಗುವ ಸಂದರ್ಭದಲ್ಲಿ ಆ ಭಾಷೆ ದಿನವೂ ಕಿವಿಗೆ ಬಿದ್ದದ್ದರಿಂದ ಬಂತು. ಇಂಗ್ಲಿಷಿಗೆ ನಮ್ಮ ಊರಲ್ಲಿ ಅಂಥ ಬಗಲಮನಿಯವರಿಲ್ಲ. ಅಂಗಡಿಯಲ್ಲಿ, ಹೊಲದಲ್ಲಿ, ಕಟ್ಟೆಯ ಮೇಲೆ ಯಾರೂ ಅದನ್ನು ಆಡುವುದಿಲ್ಲ. ಮಗುವಿಗೆ ಅದು ಎದುರಾಗುವುದು ನಲವತ್ತು ನಿಮಿಷದ ಪೀರಿಯಡ್‌ನಲ್ಲಿ, ಅದೂ ಪ್ರಶ್ನೋತ್ತರದ ರೂಪದಲ್ಲಿ. ಇಲ್ಲದಿರುವ ಆ ಬಗಲಮನಿಯ ಕೆಲಸವನ್ನು ಕಥೆಪುಸ್ತಕ ಮಾಡಬಲ್ಲದು. ಸಂತೋಷಕ್ಕಾಗಿ ಓದುವುದನ್ನು ಹವ್ಯಾಸದ ಪಟ್ಟಿಯಿಂದ ತೆಗೆದು ಭಾಷೆ ಕಲಿಯುವ ಮುಖ್ಯ ದಾರಿಯೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ ಮನೆಯೊಳಗಿನದು. ಮಗು ಓದುವಾಗ ಪ್ರತಿ ಉಚ್ಚಾರವನ್ನೂ ತಿದ್ದುವುದು, ಪಕ್ಕದ ಮನೆಯ ಹುಡುಗಿಯ ಜೊತೆ ಹೋಲಿಸುವುದು, ಬಂದವರ ಮುಂದೆ ‘ಇಂಗ್ಲಿಷಿನಾಗ ಒಂದು ಪದ್ಯ ಹೇಳು’ ಎನ್ನುವುದು ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆ. ಆದರೆ ಮಗುವಿನ ಗಮನ ಒಂದೇ. ಅದು ಪೂರ್ತಿಯಾಗಿ ‘ತಪ್ಪಾದೀತು’ ಎಂಬ ಕಡೆ ಹೋದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಅಮೆರಿಕದ ಭಾಷಾತಜ್ಞ ಸ್ಟೀಫನ್ ಕ್ರಾಶೆನ್ ಇದನ್ನು ಮನಸ್ಸಿನ ಜರಡಿ ಎಂಬರ್ಥದಲ್ಲಿ ವಿವರಿಸಿದರು: ಅಂಜಿಕೆ ಹೆಚ್ಚಾದಷ್ಟೂ ಕಿವಿಗೆ, ಕಣ್ಣಿಗೆ ಬಿದ್ದ ಭಾಷೆ ಒಳಗೆ ಇಳಿಯುವುದು ಕಡಿಮೆಯಾಗುತ್ತದೆ.

ಸುಲಭ ಪುಸ್ತಕ ಕೊಟ್ಟು ಓದಿಸುವ ಈ ವಿಚಾರ ವಿದೇಶದಿಂದ ಮೊನ್ನೆ ಮೊನ್ನೆ ಬಂದ ಫ್ಯಾಷನ್ ಏನೂ ಅಲ್ಲ. ನೂರು ವರ್ಷದ ಹಿಂದೆ, ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಅಧಿಕಾರಿ ಬಂಗಾಳಿ ಹುಡುಗರ ತೊಂದರೆಯನ್ನು ಕಣ್ಣಾರೆ ಕಂಡು, 1926ರಲ್ಲಿ ಅದರ ಬಗ್ಗೆ ದೊಡ್ಡ ವರದಿಯನ್ನೇ ಪ್ರಕಟಿಸಿದರು. ಶಾಲೆಯ ಪುಸ್ತಕಗಳಲ್ಲಿ ಹೊಸ ಪದಗಳು ಒತ್ತೊತ್ತಾಗಿ ತುಂಬಿವೆ, ಹೀಗಾಗಿ ಮಕ್ಕಳು ಓದುವುದೇ ಇಲ್ಲ, ಬರೀ ಬಿಡಿಸುತ್ತಾರೆ ಎಂಬುದು ಅವರ ತಕರಾರು. ಹೊಸ ಪದಗಳನ್ನು ಎಣಿಸಿ, ದೂರ ದೂರ ಹರಡಿ, ಬಂದ ಪದ ಮತ್ತೆ ಮತ್ತೆ ಬರುವಂತೆ ಅವರು ಕಥೆಗಳನ್ನು ಬರೆಯಿಸಿದರು. ಇಂದು ಜಗತ್ತಿನಾದ್ಯಂತ ಭಾಷೆ ಕಲಿಯುವವರು ಓದುವ ಮೆಟ್ಟಿಲು ಪುಸ್ತಕಗಳಿಗೆ, ಅಂದರೆ ಹಂತ ಹಂತವಾಗಿ ಪದ ಹೆಚ್ಚಿಸುತ್ತ ಹೋಗುವ ಕಥೆಪುಸ್ತಕಗಳಿಗೆ, ಅದೊಂದು ಬುನಾದಿ. ನಮ್ಮಂಥ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ನಮ್ಮ ಮಕ್ಕಳಿಗೇ ತಲುಪದೆ ಹೋದದ್ದು ನನಗೆ ನೋವಿನ ಸಂಗತಿ.

ಗುರಿಯ ವಿಷಯಕ್ಕೆ ಬಂದರೆ ಇನ್ನೊಂದು ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1980ರ ಸುಮಾರಿಗೆ ಫಿಜಿ ದ್ವೀಪಗಳ ಹಳ್ಳಿಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗುಭಾಯ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅಲ್ಲಿಯೂ ಮನೆಮಾತು ಬೇರೆ, ಇಂಗ್ಲಿಷ್ ಶಾಲೆಯಲ್ಲಿ ಮಾತ್ರ. ನಾಲ್ಕು, ಐದನೆಯ ತರಗತಿಯ ಕೋಣೆಗಳಿಗೆ ಸುಮಾರು 250 ಚಿತ್ರಕಥೆ, ಕಥೆಪುಸ್ತಕಗಳನ್ನು ಕೊಟ್ಟು, ದಿನವೂ ಸ್ವಲ್ಪ ಹೊತ್ತು ಓದಲು ಬಿಟ್ಟರು. ಕೆಲವು ಕಡೆ ಶಿಕ್ಷಕರು ಮಕ್ಕಳ ಜೊತೆ ಕೂತು ಓದಿದರು. ಉಳಿದ ಶಾಲೆಗಳಲ್ಲಿ ಎಂದಿನ ಪಾಠ ನಡೆಯಿತು. ಕಥೆ ಓದಿದ ಮಕ್ಕಳು ಮೊದಲ ವರ್ಷದ ಕೊನೆಗೆ ಓದಿ ತಿಳಿಯುವುದರಲ್ಲಿ, ಕೇಳಿ ತಿಳಿಯುವುದರಲ್ಲಿ ಬಹಳ ಮುಂದೆ ಹೋಗಿದ್ದರು. ಬರವಣಿಗೆಯ ಲಾಭ ಚೆನ್ನಾಗಿ ಕಂಡದ್ದು ಎರಡನೆಯ ವರ್ಷಕ್ಕೆ. ಈ ಕ್ರಮವನ್ನು ಪಾಲಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಿಳಿಯುವುದು ಮೊದಲು, ಹೊರಗೆ ಬರುವುದು ಆಮೇಲೆ. ಮೊದಲ ವರ್ಷದಲ್ಲೇ ‘ಮಾತಾಡಬೇಕು’ ಎಂಬ ಗುರಿ ಇಟ್ಟರೆ, ನಿಜವಾಗಿ ಮುಂದೆ ಹೋಗುತ್ತಿರುವ ಮಗುವೂ ಸೋತಂತೆ ಕಾಣುತ್ತದೆ. ಆಗ ನೀವು ಪುಸ್ತಕ ಬಿಡಿಸಿ ಗೈಡ್ ಹಿಡಿಸುತ್ತೀರಿ, ಬೆಳೆಯುತ್ತಿದ್ದದ್ದು ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ವರ್ಷಕ್ಕೆ ಏನನ್ನು ಗೊತ್ತು ಮಾಡಬೇಕು? ನನ್ನ ಸಲಹೆ: ಹೊತ್ತನ್ನು ಗೊತ್ತು ಮಾಡಿ. ಪುಟಗಳ ಲೆಕ್ಕ ಇಟ್ಟರೆ ಮಗು ದೊಡ್ಡಕ್ಷರದ ಪುಸ್ತಕ ಹುಡುಕುತ್ತದೆ, ಪುಟ ಹಾರಿಸುತ್ತದೆ. ಪುಸ್ತಕಗಳ ಲೆಕ್ಕ ಇಟ್ಟರೆ ಬೇಸರ ತಂದ ಪುಸ್ತಕವನ್ನೂ ಮುಗಿಸಲೇಬೇಕಾಗುತ್ತದೆ. ‘ದಿನಕ್ಕೆ ಹತ್ತು ಪದ ಬಾಯಿಪಾಠ’ ಎಂದಿಟ್ಟರೆ ಶನಿವಾರಕ್ಕೆ ಸೋಮವಾರದ ಪದ ಮರೆತಿರುತ್ತದೆ. ಹೊತ್ತಿನ ಗುರಿಯಲ್ಲಿ ಈ ಯಾವ ಒತ್ತಡವೂ ಇಲ್ಲ. ಮಗು ಅಷ್ಟು ಹೊತ್ತು ಯಾವ ಪುಸ್ತಕ ಬೇಕೋ ಅದನ್ನು ಓದಬಹುದು, ಓದಿದ್ದನ್ನೇ ಮತ್ತೆ ಓದಬಹುದು, ಹಿಡಿಸದಿದ್ದರೆ ಅರ್ಧಕ್ಕೆ ಬಿಡಬಹುದು. ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ, ವರ್ಷಕ್ಕೆ ನಲವತ್ತು ವಾರ ಎಂದು ಹಿಡಿದರೆ 50 ಗಂಟೆಯಾಗುತ್ತದೆ. ನಿಮಿಷಕ್ಕೆ ನಲವತ್ತೇ ಪದ ಓದುವ ನಿಧಾನದ ಮಗುವೂ ಅಷ್ಟರಲ್ಲಿ 1,20,000 ಪದಗಳನ್ನು ದಾಟಿ ಹೋಗಿರುತ್ತದೆ. ಒಂದೇ ಪದ ಹತ್ತಾರು ಸಲ ಎದುರಾಗಲು, ಕಣ್ಣಿಗೆ ಗುರುತು ಹತ್ತಲು ಇಷ್ಟು ಬೇಕು. ಬರೀ ಪಠ್ಯಪುಸ್ತಕದಿಂದ ಇದು ಆಗುವ ಮಾತಲ್ಲ.

ವರ್ಷಕ್ಕೆ ಐವತ್ತೆರಡು ವಾರ ಇರುವಾಗ ನಲವತ್ತೇ ಯಾಕೆಂದರೆ, ನಮ್ಮ ಬದುಕಿನ ಲೆಕ್ಕ ಹಾಗಿದೆ. ತೊಗರಿ ರಾಶಿ ನಡೆಯುವ ಡಿಸೆಂಬರ್, ಜನವರಿಯಲ್ಲಿ ಮಕ್ಕಳೂ ಹೊಲಕ್ಕೆ ಹೋಗುತ್ತಾರೆ. ಜಾತ್ರೆ, ಮದುವೆ, ಉರುಸು ಬರುತ್ತವೆ. ಕೆಲವು ಮನೆಗಳು ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುತ್ತವೆ. ಅಂಥ ವಾರಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿದರೆ ತಪ್ಪಿಹೋಯಿತು ಎಂಬ ಕೊರಗು ಇರುವುದಿಲ್ಲ. ಊರು ಬಿಟ್ಟು ಹೋಗುವ ಮನೆಯಾದರೆ ಎರಡು ತೆಳು ಪುಸ್ತಕ ಗಂಟಿನಲ್ಲಿ ಹೋಗಲಿ. ಓದಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಮಗುವೇ ಒಂದು ಗೆರೆ ಎಳೆಯಲಿ. ನೀವು ಎಳೆಯಬೇಡಿ; ಆ ಲೆಕ್ಕ ಅದರದು.

ಪುಸ್ತಕ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ತಾಲ್ಲೂಕಿನ ಪುಸ್ತಕದಂಗಡಿಗಳಲ್ಲಿ ಗೈಡು, ಪಾಸಿಂಗ್ ಪ್ಯಾಕೇಜು ಸಿಗುತ್ತವೆಯೇ ಹೊರತು ಮಕ್ಕಳ ಇಂಗ್ಲಿಷ್ ಕಥೆಪುಸ್ತಕ ಸಿಗುವುದು ಅಪರೂಪ. ಆದರೆ ಗ್ರಾಮ ಪಂಚಾಯ್ತಿ ಗ್ರಂಥಾಲಯ, ಈಗ ‘ಅರಿವು ಕೇಂದ್ರ’ ಎಂಬ ಹೆಸರಿನದು, ಇದೆಯಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಪುಸ್ತಕ ಕಪಾಟಿನಲ್ಲಿ ಬೀಗದೊಳಗಿದ್ದರೆ ಮೇಲ್ವಿಚಾರಕರನ್ನು ವಿನಯದಿಂದ ಕೇಳಿ, ತೆಗೆಸಿ. ನಾಲ್ಕು ಜನ ಪಾಲಕರು ಒಟ್ಟಾಗಿ ಕೇಳಿದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಿಂದ ನಡೆಸುತ್ತಿರುವ ‘ಸ್ಟೋರಿವೀವರ್’ ಅಂತರ್ಜಾಲ ತಾಣದಲ್ಲಿ ಸಾವಿರಾರು ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಅನೇಕ ಕಥೆಗಳು ಕನ್ನಡ, ಇಂಗ್ಲಿಷ್, ಮರಾಠಿ, ಉರ್ದು, ಹಿಂದಿಯಲ್ಲೂ ಇವೆ. ಅಲ್ಲಿಯ ಮೊದಲ ಮಟ್ಟದ ಕಥೆಗಳಲ್ಲಿ 250ಕ್ಕಿಂತ ಹೆಚ್ಚು ಪದಗಳಿರುವುದಿಲ್ಲ. ಕೆಲವನ್ನು ದನಿಯ ಸಮೇತ ಕೇಳುತ್ತ ಓದಬಹುದು; ಉಚ್ಚಾರದ ಚಿಂತೆಗೆ ಇದೇ ಸರಿಯಾದ ಉತ್ತರ. ಮೊದಲು ಕನ್ನಡದಲ್ಲಿ ಕಥೆ ಓದಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಓದುವುದು ಆರಂಭದಲ್ಲಿ ಬಹಳ ಅನುಕೂಲ. ಕಥೆ ಗೊತ್ತಿರುವುದರಿಂದ ಗೊತ್ತಿಲ್ಲದ ಪದಗಳು ‘ಗಿಂಡರ’ದ ಹಾಗೆ ತಾವೇ ಬಿಚ್ಚಿಕೊಳ್ಳುತ್ತವೆ. ಇದು ಮೋಸದ ದಾರಿಯಲ್ಲ.

ಪುಸ್ತಕ ಆರಿಸುವಾಗ ನಡುವಿನ ಒಂದು ಪುಟ ತೆಗೆದು ಮಗು ತಾನೇ ಓದಲಿ. ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವಷ್ಟರಲ್ಲಿ ಐದೂ ಬೆರಳು ಮಡಚಿದರೆ ಆ ಪುಸ್ತಕ ಮುಂದಿನ ವರ್ಷಕ್ಕಿರಲಿ. ಏಳನೆಯ ತರಗತಿಯ ಹುಡುಗ ಮೂರನೆಯ ತರಗತಿಯವರ ಕಥೆ ಓದಿದರೆ ನಾಚಿಕೆಯೇನಿಲ್ಲ. ಮನೆಯಲ್ಲಿ ಆ ಮಾತು ಎತ್ತದಿದ್ದರೆ ಅವನಿಗೂ ನಾಚಿಕೆ ಹುಟ್ಟುವುದಿಲ್ಲ.

‘ನಮಗ ಇಂಗ್ಲಿಷ್ ಬರಂಗಿಲ್ರಿ, ನಾವು ಏನ್ ಮಾಡೂಣು?’ ಎಂದು ಬಹಳ ತಾಯಂದಿರು ಕೇಳುತ್ತಾರೆ. ಬರದಿರುವುದು ಇಲ್ಲಿ ಒಂದು ಅನುಕೂಲವೇ. ರಾತ್ರಿ ರೊಟ್ಟಿ ಬಡಿಯುವಾಗಲೋ ಊಟಕ್ಕೆ ಕೂತಾಗಲೋ ‘ಇವತ್ತಿನ ಕಥಿ ಏನು?’ ಎಂದು ಕೇಳಿ. ಮಗು ಕನ್ನಡದಲ್ಲಿ, ಲಂಬಾಣಿಯಲ್ಲಿ, ದಖನಿಯಲ್ಲಿ, ತನ್ನ ಮನೆಮಾತಿನಲ್ಲಿ ಹೇಳಲಿ. ನಿಮಗೆ ಕಥೆ ಗೊತ್ತಿಲ್ಲದ್ದರಿಂದ ಅದು ನಿಜವಾಗಿ ಹೇಳುವ ಕೆಲಸವಾಗುತ್ತದೆ, ಪರೀಕ್ಷೆಯಾಗುವುದಿಲ್ಲ. ಆಯಿ, ಮುತ್ಯಾ ನಡುವೆ ‘ಆಮ್ಯಾಲ?’ ಎಂದು ಕೇಳುತ್ತಿದ್ದರೆ ಇನ್ನೂ ಸೊಗಸು. ಮನೆಮಾತಿನಲ್ಲಿ ಗಟ್ಟಿಯಾದ ತಿಳಿವಳಿಕೆ ಇನ್ನೊಂದು ಭಾಷೆಗೆ ಹರಿದುಹೋಗುತ್ತದೆ ಎಂಬುದನ್ನು ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1970ರ ದಶಕದಿಂದಲೂ ವಿವರಿಸುತ್ತ ಬಂದಿದ್ದಾರೆ. ನಮ್ಮಲ್ಲೇ ನೋಡಿದರೆ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮೂವರೂ ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಮನೆಯಲ್ಲಿ ಕನ್ನಡವನ್ನೋ ಉರ್ದುವನ್ನೋ ಬಿಟ್ಟು ಮುರುಕು ಇಂಗ್ಲಿಷ್ ಆಡುವ ಅಗತ್ಯ ಯಾವ ಪಾಲಕರಿಗೂ ಇಲ್ಲ.

ಬಹುಮಾನದ ಬಗ್ಗೆ ಒಂದು ಎಚ್ಚರಿಕೆ. ‘ಹತ್ತು ಪುಸ್ತಕ ಓದಿದರೆ ಸೈಕಲ್’ ಎಂಬ ಕರಾರು ಬೇಡ. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಪ್ರಶಸ್ತಿ ಕೊಡುತ್ತೇವೆ’ ಎಂದು ಮೊದಲೇ ಹೇಳಿ, ಕೊಟ್ಟರು. ಕೆಲ ದಿನಗಳ ನಂತರ ನೋಡಿದರೆ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಇಷ್ಟದ ಕೆಲಸಕ್ಕೆ ಕೂಲಿ ಗೊತ್ತಾದರೆ ಅದು ಕೂಲಿಯ ಕೆಲಸವಾಗುತ್ತದೆ. ಸೈಕಲ್ ಕೊಡಿಸಬೇಕೆನಿಸಿದರೆ ಕೊಡಿಸಿ, ಓದಿಗೆ ಗಂಟು ಹಾಕಬೇಡಿ.

ಆರನೆಯ ತರಗತಿಯಿಂದ ಹಿಂದಿ ಓದುವ ಮಕ್ಕಳಿಗೆ ಇದೇ ರೀತಿ ಮರಾಠಿಯ ಬಾಗಿಲೂ ತೆರೆಯಬಹುದು. ಎರಡಕ್ಕೂ ದೇವನಾಗರಿ ಲಿಪಿಯೇ. ಮರಾಠಿಯ ಮಾತು ಕಿವಿಗೆ ಮೊದಲೇ ಪರಿಚಯವಿರುವುದರಿಂದ ಗಡಿ ಊರುಗಳ ಮಕ್ಕಳು ಇಂಗ್ಲಿಷಿಗಿಂತ ಬೇಗ ಅದರಲ್ಲಿ ಕಥೆ ಓದಬಲ್ಲರು. ಹೀಗೆ ಒಂದು ಪರಭಾಷೆಯಲ್ಲಿ ‘ನಾನು ಪುಸ್ತಕ ಓದಿದೆ’ ಎಂಬ ಧೈರ್ಯ ಬಂದ ಮಗುವಿಗೆ ಇನ್ನೊಂದರ ಅಂಜಿಕೆ ತಾನಾಗಿ ಕಡಿಮೆಯಾಗುತ್ತದೆ.

ಈ ಕ್ರಮ ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ. ನಾಲ್ಕನೆಯ ತರಗತಿ ದಾಟಿದ ಮಗು ಕನ್ನಡವನ್ನೇ ತಡವರಿಸುತ್ತಿದ್ದರೆ ಈ ವರ್ಷದ ಹದಿನೈದು ನಿಮಿಷ ಕನ್ನಡ ಕಥೆಗಳಿಗೆ ಮೀಸಲಿರಲಿ; ಇಂಗ್ಲಿಷ್ ಕಾಯಲಿ. ಕಣ್ಣು, ಕಿವಿ ಒಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಷ್ಟಾದರೂ ಅಕ್ಷರಗಳು ಅದಲು ಬದಲಾಗುವುದು, ನಿನ್ನೆ ಓದಿದ ಪದ ಇಂದು ಗುರುತಾಗದಿರುವುದು ತಿಂಗಳುಗಟ್ಟಲೆ ನಡೆದರೆ ಅದು ಓದಿನ ನ್ಯೂನತೆ, ಅಂದರೆ ಬುದ್ಧಿ ಸರಿಯಾಗಿದ್ದೂ ಅಕ್ಷರ ಹಿಡಿಯಲು ಮಿದುಳಿಗೆ ಕಷ್ಟವಾಗುವ ಸ್ಥಿತಿ ಇರಬಹುದು. ಅದಕ್ಕೆ ತಜ್ಞರ ಸಹಾಯ ಬೇಕು, ಬೈಗುಳದಿಂದ ಆಗುವುದೇನಿಲ್ಲ. ಹತ್ತನೆಯ ತರಗತಿಯ ಮಗುವಾದರೆ ಪರೀಕ್ಷೆಯ ತಯಾರಿ ತನ್ನ ಪಾಡಿಗೆ ನಡೆಯಲಿ, ಕಥೆಗೆ ಹತ್ತು ನಿಮಿಷ ಸಾಕು. ನಿಜವಾದ ಓದು ಪರೀಕ್ಷೆ ಮುಗಿದ ನಂತರದ ಖಾಲಿ ದಿನಗಳಲ್ಲಿ ಆರಂಭವಾಗಬಹುದು.

ಏಪ್ರಿಲ್ ರಜೆ ಬಿದ್ದಾಗ ಆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಮಗುವಿನ ಜೊತೆ ಕೂತು ನೋಡಿ. ಎಷ್ಟು ಗೆರೆ ತಪ್ಪಿವೆ ಎಂದು ಕೇಳುವ ಬದಲು ಎರಡೇ ಪ್ರಶ್ನೆ ಕೇಳಿ: ಯಾವ ಕಥೆ ಎರಡನೆಯ ಸಲ ಓದಿದೆ, ಯಾವ ಪುಸ್ತಕ ಅರ್ಧಕ್ಕೆ ಬಿಟ್ಟೆ? ಜೂನ್‌ನಲ್ಲಿ ಕಷ್ಟವಾಗಿದ್ದ ಒಂದು ಪುಸ್ತಕವನ್ನು ಈಗ ಮತ್ತೆ ತೆಗೆದು ಬೆರಳು ಮಡಚಿ ನೋಡಲಿ. ಐದಿದ್ದದ್ದು ಎರಡಕ್ಕೆ ಇಳಿದಿದ್ದರೆ ಅದು ಅಂಕಪಟ್ಟಿಗಿಂತ ನಂಬಬಹುದಾದ ಲೆಕ್ಕ. ಆಮೇಲೆ ಮುಂದಿನ ವರ್ಷಕ್ಕೆ ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಮಗುವೇ ಬರೆಯಲಿ. ನೀವು ಅಂದುಕೊಂಡದ್ದಕ್ಕಿಂತ ಐದು ನಿಮಿಷ ಕಡಿಮೆ ಬರೆದರೂ ಒಪ್ಪಿಕೊಳ್ಳಿ. ದಸರಾ ರಜೆಯ ಹೊತ್ತಿಗೆ ಬೇಕೆನಿಸಿದರೆ ಅದೇ ತಿದ್ದಿಕೊಳ್ಳುತ್ತದೆ.